ಸ್ಯಾಕ್ಸೋಫೋನ್ ನುಡಿಸುವವನ ಪ್ರಶ್ನೆ: ಅಮೆರಿಕದ ಈ ಸಂಗೀತಕ್ಕೆ ಮಿಲಾನ್, ಮ್ಯೂನಿಕ್ ಏಕೆ ಆಸರೆಯಾದವು?

ಗಟ್ಟಿಮೇಳ, ಮಂಡ್ಯ:

ಎಲ್ಲರಿಗೂ ನಮಸ್ಕಾರ. ಮದುವೆ, ಗೃಹಪ್ರವೇಶ, ದೇವಸ್ಥಾನದ ಉತ್ಸವಗಳಲ್ಲಿ ಸ್ಯಾಕ್ಸೋಫೋನ್ ನುಡಿಸುವುದು ನನ್ನ ಕಸುಬು. ಅಪ್ಪ ನಾಗಸ್ವರದವರು. ಕದ್ರಿ ಗೋಪಾಲನಾಥರನ್ನು ಕೇಳಿದ ಮೇಲೆ ನಾನು ಈ ವಾದ್ಯಕ್ಕೆ ಹೊರಳಿದೆ. ಅವರು ಹುಡುಗರಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮನಸೋತರು ಎಂಬುದನ್ನು ನಮ್ಮ ಕಡೆಯ ವಾದ್ಯಗಾರರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ಬೆಳಗಿನ ಮುಹೂರ್ತಗಳಿಗೆ ಹೊರಟಾಗ ವ್ಯಾನಿನಲ್ಲಿ ಮೊಬೈಲ್ ಹಚ್ಚಿ ಏನಾದರೂ ಕೇಳುತ್ತಿರುತ್ತೇನೆ. ಹಾಗೆ ಕಿವಿಗೆ ಬಿದ್ದದ್ದು ಅಮೆರಿಕದ ವಾದಕಿ ಆಲಿಸ್ ಕೋಲ್ಟ್ರೇನ್ ಅವರ ‘ಜರ್ನಿ ಇನ್ ಸಚ್ಚಿದಾನಂದ’. ತಂಬೂರಿಯ ಶ್ರುತಿ, ಬಿಡದೆ ಸುತ್ತಿ ಬರುವ ಬೇಸ್, ಹಾರ್ಪ್ ಎಂಬ ದೊಡ್ಡ ವಾದ್ಯದ ತಂತಿಗಳು. ಅದರೊಳಗೆ ಫೆರೋ ಸ್ಯಾಂಡರ್ಸ್ ಅವರ ಸೊಪ್ರಾನೊ ಸ್ಯಾಕ್ಸೋಫೋನ್ ಬಂದಾಗ ಹಿಂದೆ ನಿದ್ದೆ ಮಾಡುತ್ತಿದ್ದ ನಮ್ಮ ಡೋಲಿನವರು ಎದ್ದು ಕುಳಿತು, ‘ಯಾರಪ್ಪ ಇದು, ಯಾವ ರಾಗ?’ ಎಂದು ಕೇಳಿದರು. ನನಗೆ ಹೇಳಲು ತಿಳಿಯಲಿಲ್ಲ. ಅಂದಿನಿಂದ ಈ ಬಗೆಯ ಸಂಗೀತವನ್ನೇ ಹುಡುಕಿ ಕೇಳುತ್ತಿದ್ದೇನೆ. ಇದನ್ನು ಸ್ಪಿರಿಚುವಲ್ ಜಾಜ್, ಅಂದರೆ ಅಧ್ಯಾತ್ಮದ ಒಲವಿನ ಜಾಜ್ ಎನ್ನುತ್ತಾರೆ ಎಂದು ಈಗ ಗೊತ್ತಾಗಿದೆ.

ತಿಳಿದವರಲ್ಲಿ ಕೇಳುವುದಿಷ್ಟೇ. ನಾವು ನುಡಿಸುವ ಕೃತಿಗೆ ಸಾಹಿತ್ಯವಿದೆ, ಅದರಲ್ಲಿ ದೇವರ ಹೆಸರಿದೆ. ನಾನು ಊದುವಾಗ ಆ ಅಕ್ಷರಗಳು ನನ್ನ ನಾಲಿಗೆಯ ಮೇಲೆ ಇರುತ್ತವೆ. ಇವರ ಸಂಗೀತದಲ್ಲಿ ಬಹುಪಾಲು ಹಾಡಿಕೆಯೇ ಇಲ್ಲ. ಆದರೂ ಕೇಳಿದಾಗ ಗರ್ಭಗುಡಿಯ ಮುಂದೆ ನಿಂತ ಭಾವ ಬರುತ್ತದೆ. ಅದು ಎಲ್ಲಿಂದ ಬರುತ್ತದೆ? ಇನ್ನೊಂದು ವಿಷಯ: ನುಡಿಸಿದವರು ಅಮೆರಿಕದ ಕಪ್ಪು ಜನರು, ಆದರೆ ಗ್ರಾಮಫೋನ್ ತಟ್ಟೆ ಹೊರತಂದವರ ವಿಳಾಸ ನೋಡಿದರೆ ಮಿಲಾನ್, ಮ್ಯೂನಿಕ್, ಪ್ಯಾರಿಸ್, ಲಂಡನ್. ಅವರ ಸಂಗೀತಕ್ಕೆ ಅವರ ದೇಶದಲ್ಲೇ ಜಾಗವಿರಲಿಲ್ಲವೇ? ವಿದೇಶದ ಎಲ್‌ಪಿ ತಟ್ಟೆ ತರಿಸಿದರೆ ಒಂದು ಮದುವೆಯ ನನ್ನ ಪಾಲಿನ ಸಂಭಾವನೆ ಅದಕ್ಕೇ ಹೋಗುತ್ತದೆ. ಒಂದೇ ಒಂದನ್ನು ಕೊಳ್ಳುವುದಾದರೆ ಯಾವುದನ್ನು ಕೊಳ್ಳಲಿ?

ಹಳೆಯ ತಟ್ಟೆ, ಜಯಲಕ್ಷ್ಮೀಪುರಂ, ಮೈಸೂರು:

ನಮಸ್ಕಾರ. ವಾದ್ಯಗಾರರೇ ಬಂದು ಹೀಗೆ ಕೇಳಿದ್ದು ನನಗೆ ಬಹಳ ಸಂತೋಷ ತಂದಿದೆ. ಬ್ಯಾಂಕಿನ ಕೆಲಸದಲ್ಲಿದ್ದ ಕಾಲದಿಂದ ತಟ್ಟೆಗಳನ್ನು ಕೂಡಿಸುತ್ತ ಬಂದವನು ನಾನು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸಾಹಿತ್ಯದ ಮಾತು ಎತ್ತಿದಿರಲ್ಲ, ಅಲ್ಲಿಂದಲೇ ತೊಡಗೋಣ. ಆಲಿಸ್ ಅವರ ಪತಿ, ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಎ ಲವ್ ಸುಪ್ರೀಮ್’ 1964ರ ಡಿಸೆಂಬರ್ 9ರಂದು ನ್ಯೂಜೆರ್ಸಿಯಲ್ಲಿ ಧ್ವನಿಮುದ್ರಣಗೊಂಡಿತು. ಇಂಪಲ್ಸ್ ಕಂಪನಿ ಅದನ್ನು 1965ರಲ್ಲಿ ಹೊರತಂದಿತು. ಅದರಲ್ಲಿ ನಾಲ್ಕು ಭಾಗಗಳಿವೆ. ಬೈಬಲ್ಲಿನ ಕೀರ್ತನೆಗಳ ಹೆಸರನ್ನೇ ಇಟ್ಟಿರುವ ಕೊನೆಯ ಭಾಗದಲ್ಲಿ ನಿಯತವಾದ ಲಯವಿಲ್ಲ. ಡ್ರಮ್ ಮೊರೆಯುತ್ತಿರುತ್ತದೆ, ಸ್ಯಾಕ್ಸೋಫೋನ್ ನಿಧಾನವಾಗಿ ಮಾತನಾಡುತ್ತದೆ. ಕೋಲ್ಟ್ರೇನ್ ದೇವರನ್ನು ಕುರಿತು ಬರೆದ ಒಂದು ಪದ್ಯವನ್ನು ತಟ್ಟೆಯ ರಕ್ಷಾಕವಚದೊಳಗೆ ಅಚ್ಚು ಮಾಡಿದ್ದಾರೆ. ಅದನ್ನು ಕೈಯಲ್ಲಿ ಹಿಡಿದು ಈ ಭಾಗವನ್ನು ಕೇಳಿ. ಪದ್ಯದ ಮಾತುಗಳನ್ನು ಅವರು ಒಂದೊಂದೇ ಅಕ್ಷರವಾಗಿ ಊದುತ್ತಿದ್ದಾರೆ. ನೀವು ಕೃತಿಯ ಸಾಹಿತ್ಯವನ್ನು ವಾದ್ಯದ ಬಾಯಿಯ ರೀಡಿನ ಮೇಲೆ ನುಡಿಯುವುದು ಹೇಗೋ, ಅದೂ ಹಾಗೆಯೇ. ಜಾಜ್ ಕೇಳಿ ಕೇಳಿ ಹಣ್ಣಾದವರಿಗಿಂತ ಬೇಗ ಇದು ನಿಮಗೆ ಹಿಡಿಯುತ್ತದೆ ಎಂದು ನನ್ನ ನಂಬಿಕೆ.

ನಿಮ್ಮ ಡೋಲಿನವರು ರಾಗ ಯಾವುದೆಂದು ಕೇಳಿದ್ದರಲ್ಲಿಯೂ ಹುರುಳಿದೆ. ಈ ಬಗೆಯ ಸಂಗೀತಕ್ಕೆ ಮುಂಚಿನ ಜಾಜ್‌ನಲ್ಲಿ ಸ್ವರಮೇಳಗಳು ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದವು, ನುಡಿಸುವವರು ಅವುಗಳ ಬೆನ್ನು ಹತ್ತಿ ಓಡಬೇಕಿತ್ತು. 1950ರ ದಶಕದ ಕೊನೆಯ ಹೊತ್ತಿಗೆ ಕೆಲವರು ಒಂದೇ ಸ್ವರಶ್ರೇಣಿಯಲ್ಲಿ ಬಹಳ ಹೊತ್ತು ನಿಂತು ಬೆಳೆಸುವ ದಾರಿ ಹಿಡಿದರು. ಕೋಲ್ಟ್ರೇನ್ ರವಿಶಂಕರ್ ಅವರನ್ನು ಆಸ್ಥೆಯಿಂದ ಕೇಳುತ್ತಿದ್ದರು, ಮಗನಿಗೆ ರವಿ ಎಂದೇ ಹೆಸರಿಟ್ಟರು. ಶ್ರುತಿ, ಆಲಾಪನೆ, ಹಂತಹಂತವಾಗಿ ಏರುವುದು, ಇವೆಲ್ಲ ನಿಮ್ಮ ಕಿವಿಗೆ ಪರಿಚಿತ. ರಾಗದ ಲಕ್ಷಣವನ್ನು ಮಾತ್ರ ಅಲ್ಲಿ ಹುಡುಕಬೇಡಿ. ಗಮಕದ ವ್ಯಾಕರಣ ಅವರದಲ್ಲ. ಅವರ ಚೀರು, ಬಿರುಕು ಬಿಟ್ಟ ದನಿ, ಒಡೆದ ಉಸಿರು ಅವರ ಚರ್ಚುಗಳಿಂದ ಬಂದದ್ದು.

ಇನ್ನು ಯುರೋಪ್. ಕೋಲ್ಟ್ರೇನ್ 1967ರ ಜುಲೈ 17ರಂದು, ಕೇವಲ 40ನೇ ವಯಸ್ಸಿನಲ್ಲಿ ತೀರಿಕೊಂಡರು. ಇಂಪಲ್ಸ್ ಇನ್ನೂ ಕೆಲವು ವರ್ಷ ಆಲಿಸ್ ಅವರನ್ನೂ ಫೆರೋ ಸ್ಯಾಂಡರ್ಸ್ ಅವರನ್ನೂ ನಡೆಸಿತು. ಸ್ಯಾಂಡರ್ಸ್ ಅವರ 1969ರ ‘ಕರ್ಮ’ ಎಂಬ ತಟ್ಟೆಯಲ್ಲಿ ಒಂದೇ ರಚನೆ ಅರ್ಧ ಗಂಟೆಗೂ ಮಿಕ್ಕಿ ಹರಿಯುತ್ತದೆ. ಆದರೆ 70ರ ದಶಕ ಅರ್ಧ ಕಳೆಯುವಷ್ಟರಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಹಣವೆಲ್ಲ ರಾಕ್ ಮತ್ತು ಜಾಜ್‌ಗೆ ರಾಕ್ ಬೆರೆಸಿದ ಫ್ಯೂಷನ್ ಕಡೆಗೆ ವಾಲಿತು. ಸಂಗೀತಗಾರರು ಮಾಗಿದ್ದ ಕಾಲ ಅದು, ಧ್ವನಿಮುದ್ರಿಸುವವರೇ ಇಲ್ಲ.

ಆಗ ಕೈಹಿಡಿದವರು ಬಹಳ ಸಣ್ಣವರು. ಮಿಲಾನಿನಲ್ಲಿ 1975ರಲ್ಲಿ ‘ಬ್ಲ್ಯಾಕ್ ಸೇಂಟ್’ ಹುಟ್ಟಿತು. ಅದರ ಮೊದಲ ತಟ್ಟೆ ಟೆಕ್ಸಾಸಿನ ಟೆನರ್ ಸ್ಯಾಕ್ಸೋಫೋನ್ ವಾದಕ ಬಿಲ್ಲಿ ಹಾರ್ಪರ್ ಅವರದು, ಅದರ ಹೆಸರೂ ‘ಬ್ಲ್ಯಾಕ್ ಸೇಂಟ್’. 1977ರಲ್ಲಿ ಜೊವಾನಿ ಬೊನಾಂದ್ರೀನಿ ಈ ಸಂಸ್ಥೆಯನ್ನು ವಹಿಸಿಕೊಂಡು, 1979ರಲ್ಲಿ ‘ಸೋಲ್ ನೋಟ್’ ಎಂಬ ಇನ್ನೊಂದನ್ನು ಸೇರಿಸಿದರು. ಅದರ ಮೊದಲ ತಟ್ಟೆಯೂ ಹಾರ್ಪರ್ ಅವರದೇ. ಮ್ಯೂನಿಕ್‌ನಲ್ಲಿ 1969ರಲ್ಲಿ ಮ್ಯಾನ್‌ಫ್ರೆಡ್ ಐಕರ್ ಅವರ ಇಸಿಎಂ, 1971ರಲ್ಲಿ ಎನ್ಯಾ. ಇವೆರಡೂ ಸಂಸ್ಥೆಗಳು ಶುಭಾರಂಭ ಮಾಡಿದ್ದು ಅಮೆರಿಕ ಬಿಟ್ಟು ಬಂದಿದ್ದ ಪಿಯಾನೊ ವಾದಕ ಮಾಲ್ ವಾಲ್ಡ್ರನ್ ಅವರಿಂದ. ನೆದರ್‌ಲೆಂಡ್ಸ್‌ನ ಟೈಮ್‌ಲೆಸ್ 1987ರಲ್ಲಿ ಫೆರೋ ಸ್ಯಾಂಡರ್ಸ್ ಅವರ ‘ಆಫ್ರಿಕಾ’ವನ್ನು ಧ್ವನಿಮುದ್ರಿಸಿತು. ಎಂಬತ್ತರ ದಶಕದಲ್ಲಿ ಅವರನ್ನು ಇಷ್ಟು ತುಂಬು ಉಸಿರಿನಲ್ಲಿ ಕೇಳಬಹುದಾದ ತಟ್ಟೆ ಇನ್ನೊಂದು ನನ್ನ ಬಳಿ ಇಲ್ಲ.

ಮೈಸೂರಿನವನಾಗಿ ನನಗೆ ಈ ಸಣ್ಣ ಸಂಸ್ಥೆಗಳ ಮಾಲೀಕರ ಮೇಲೆ ವಿಶೇಷ ಗೌರವ. ಇಂಥದೊಂದು ಕೆಲಸ ನಮ್ಮ ಊರಿನಿಂದಲೂ ನಡೆದಿತ್ತು. ರಷ್ಯಾ ಬಿಟ್ಟು ಲಂಡನ್ನಿನಲ್ಲಿ ನೆಲೆಸಿ, ಯಾರಿಗೂ ಬೇಡವಾಗಿದ್ದ ನಿಕೊಲಾಯ್ ಮೆಟ್ನರ್ ಎಂಬ ಮುದಿ ಸಂಗೀತಗಾರರ ರಚನೆಗಳನ್ನು 1940ರ ದಶಕದ ಕೊನೆಯಲ್ಲಿ ಎಚ್ಎಂವಿ ಧ್ವನಿಮುದ್ರಿಸಿತು. ಹಣ ಕೊಟ್ಟವರು ಜಯಚಾಮರಾಜ ಒಡೆಯರು. ಮೆಟ್ನರ್ ವಾದ್ಯವೃಂದದೊಡನೆ ನುಡಿಸುವ ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ್ದಾರೆ, 1951ರಲ್ಲಿ ತೀರಿಕೊಂಡರು. ಆ ಧ್ವನಿಮುದ್ರಣ ಆಗಿದ್ದರಿಂದ ಮೆಟ್ನರ್ ಅವರ ಸ್ವಂತ ಬೆರಳುಗಳನ್ನು ನಾವು ಇಂದು ಕೇಳುತ್ತಿದ್ದೇವೆ. ಒಬ್ಬರು ಸಕಾಲದಲ್ಲಿ ಸ್ಟುಡಿಯೊ ಬಾಡಿಗೆ ಕೊಟ್ಟರು ಎಂಬುದು ಸಣ್ಣ ಸಂಗತಿಯಲ್ಲ. ಬಿಲ್ಲಿ ಹಾರ್ಪರ್ ವಿಷಯದಲ್ಲಿಯೂ ನನಗೆ ಅನ್ನಿಸುವುದು ಇದೇ.

ಒಂದೇ ತಟ್ಟೆ ಎಂದಿರಿ. ನನ್ನ ಉತ್ತರ: ‘ಜ್ಯೋತಿ’, ಇಸಿಎಂ, 1983. ನುಡಿಸಿದವರು ಬಾಸ್ಟನ್ನಿನ ಚಾರ್ಲಿ ಮರಿಯಾನೊ ಮತ್ತು ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. 1963ರಲ್ಲಿ ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಅವರ ದೊಡ್ಡ ತಟ್ಟೆಯೊಂದರಲ್ಲಿ ಆಲ್ಟೊ ಸ್ಯಾಕ್ಸೋಫೋನ್ ನುಡಿಸಿ ಹೆಸರಾದ ಈ ಮರಿಯಾನೊ, ಮಲೇಷ್ಯಾದಲ್ಲಿ ಕೆಲಸದ ಮೇಲಿದ್ದಾಗ ನಾಗಸ್ವರ ಕೇಳಿ, ಕುಳಿತು ಕಲಿತರು. ನಿಮ್ಮ ತಂದೆಯವರ ವಾದ್ಯದಿಂದ ನೀವು ಸ್ಯಾಕ್ಸೋಫೋನಿಗೆ ಬಂದಿರಿ, ಅವರು ಸ್ಯಾಕ್ಸೋಫೋನಿನಿಂದ ಅತ್ತ ಹೋದರು. ‘ಜ್ಯೋತಿ’ಯ ರಚನೆಗಳು ಆರ್.ಎ. ರಮಾಮಣಿಯವರವು, ಗಾಯನವೂ ಅವರದೇ. ಮೃದಂಗ ಟಿ.ಎ.ಎಸ್. ಮಣಿಯವರದು. 1967ರಲ್ಲಿ ಜರ್ಮನಿಯ ಸಾಬಾ ಸಂಸ್ಥೆ ‘ಜಾಜ್ ಮೀಟ್ಸ್ ಇಂಡಿಯಾ’ ಎಂಬುದನ್ನು ತಂದಿತ್ತು. ಅದರಲ್ಲಿ ಸಿತಾರಿನವರೂ ಜಾಜ್‌ನವರೂ ಎದುರುಬದುರು ಕುಳಿತು ಸೌಜನ್ಯದಿಂದ ಸರದಿ ಬಿಟ್ಟುಕೊಟ್ಟಂತೆ ನನಗೆ ಕೇಳುತ್ತದೆ. ‘ಜ್ಯೋತಿ’ಯಲ್ಲಿ ಒಬ್ಬರೇ ಕಟ್ಟಿದ ಮನೆಯೊಳಗೆ ಎಲ್ಲರೂ ಇದ್ದಾರೆ.

ತಂಬೂರಿ, ಸರಸ್ವತೀಪುರಂ:

ಸರ್, ‘ಜ್ಯೋತಿ’ಯ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಈ ಚರಿತ್ರೆ ಓದಿದವರಿಗೆ, ಯುರೋಪಿನವರು ಬಂದು ಎತ್ತುವವರೆಗೆ ಈ ಸಂಗೀತಗಾರರು ಕೈಕಟ್ಟಿ ಕುಳಿತಿದ್ದರು ಎಂಬ ಭಾವನೆ ಬರಬಾರದು. ಪಿಯಾನೊ ವಾದಕ ಸನ್ ರಾ 1950ರ ದಶಕದಲ್ಲೇ ಷಿಕಾಗೊದಲ್ಲಿ ಗೆಳೆಯರೊಡನೆ ಸ್ಯಾಟರ್ನ್ ಎಂಬ ತಮ್ಮದೇ ಸಂಸ್ಥೆ ಕಟ್ಟಿ ತಟ್ಟೆ ಒತ್ತಿಸಿದರು. ನ್ಯೂಯಾರ್ಕಿನಲ್ಲಿ 1971ರಲ್ಲಿ ಸಂಗೀತಗಾರರಾದ ಚಾರ್ಲ್ಸ್ ಟಾಲಿವರ್ ಮತ್ತು ಸ್ಟ್ಯಾನ್ಲಿ ಕವೆಲ್ ಸ್ಟ್ರಾಟಾ ಈಸ್ಟ್ ಸಂಸ್ಥೆ ಆರಂಭಿಸಿದರು, ಡೆಟ್ರಾಯ್ಟ್‌ನಲ್ಲಿ ಟ್ರೈಬ್ ಎಂಬ ಬಳಗ ತಟ್ಟೆಗಳ ಜೊತೆಗೆ ಪತ್ರಿಕೆಯನ್ನೂ ನಡೆಸಿತು. ಇವರೆಲ್ಲ ತಮ್ಮ ಸಂಗೀತದ ಒಡೆತನ ತಮ್ಮಲ್ಲೇ ಇರಲಿ ಎಂದು ಹಟ ಹಿಡಿದವರು. ನನಗೆ ಈ ಹಟವೂ ಆ ಸಂಗೀತದ ಭಾಗವಾಗಿಯೇ ಕೇಳಿಸುತ್ತದೆ.

ಪ್ಯಾರಿಸ್ಸಿನ ಬಿವೈಜಿ ಸಂಸ್ಥೆಯ ಹೆಸರನ್ನು ನೀವು ಬಿಟ್ಟಿದ್ದೀರಿ. 1969ರ ಜುಲೈಯಲ್ಲಿ ಅಲ್ಜಿಯರ್ಸ್‌ನಲ್ಲಿ ಅಖಿಲ ಆಫ್ರಿಕಾ ಉತ್ಸವ ನಡೆಯಿತು. ಅಲ್ಲಿಂದ ಪ್ಯಾರಿಸ್‌ಗೆ ಬಂದವರನ್ನೂ ಅಲ್ಲೇ ಇದ್ದವರನ್ನೂ ಕೂಡಿಸಿ ಆಗಸ್ಟಿನಲ್ಲಿ ಒಂದರ ಮೇಲೊಂದು ತಟ್ಟೆ ಮಾಡಿದರು. ಅಮೆರಿಕದ ತುತ್ತೂರಿ ವಾದಕ ಡಾನ್ ಚೆರಿಯವರ ‘ಮು’ ಆ ಬೇಸಿಗೆಯದು: ಅವರ ಜೊತೆಗೆ ಡ್ರಮ್‌ನವರೊಬ್ಬರು, ಅಷ್ಟೇ. ಬೆಲೆ ಕಟ್ಟಲಾಗದ ದಾಖಲೆ. ಆದರೆ ಸಂಭಾವನೆಯ ಬಗ್ಗೆ ಆ ಸಂಗೀತಗಾರರ ದೂರುಗಳೂ ಇವೆ. ಎತ್ತಿ ಹಿಡಿದವರನ್ನು ಹೊಗಳುವಾಗ ಅದನ್ನೂ ಹೇಳಬೇಕು.

ಡಾನ್ ಚೆರಿ ಮುಂದೆ ಸ್ವೀಡನ್ನಿನ ಹಳ್ಳಿಯೊಂದರ ಹಳೆಯ ಶಾಲೆಯ ಕಟ್ಟಡದಲ್ಲಿ ಹೆಂಡತಿ ಮೋಕಿ, ಮಕ್ಕಳೊಡನೆ ನೆಲೆಸಿದರು. ಮೋಕಿ ಹೊಲಿದ ಬಣ್ಣದ ಬಟ್ಟೆಗಳೇ ಕಛೇರಿಯ ಹಿನ್ನೆಲೆ. ಅವರ ‘ಆರ್ಗ್ಯಾನಿಕ್ ಮ್ಯೂಸಿಕ್ ಸೊಸೈಟಿ’ಯನ್ನು ಹೊರತಂದದ್ದು ಸ್ವೀಡನ್ನಿನ ಕಪ್ರೀಸ್. ಒಟ್ಟಿಗೆ ಕುಳಿತು ಹಾಡುವ ಭಜನೆಯ ಬಿಸುಪು ಅದರಲ್ಲಿದೆ.

ಮಂಡ್ಯದವರಿಗೆ ಒಂದು ಮಾತು. ಆಲಿಸ್ ಕೋಲ್ಟ್ರೇನ್ ನಿಮ್ಮನ್ನು ಎಚ್ಚರಿಸಿದರು ಎಂದಿರಿ. ಅವರು ಮುಂದೆ ಸನ್ಯಾಸ ಸ್ವೀಕರಿಸಿ ಸ್ವಾಮಿನಿ ತುರೀಯಸಂಗೀತಾನಂದ ಆದರು, 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆಶ್ರಮ ತೆರೆದರು. ಆ ವರ್ಷಗಳಲ್ಲಿ ಅವರು ಸಂಸ್ಕೃತದ ಭಜನೆಗಳನ್ನು ತಾವೇ ಹಾಡಿ, ಆರ್ಗನ್ ನುಡಿಸಿ, ಕ್ಯಾಸೆಟ್‌ಗಳಲ್ಲಿ ಹೊರತಂದರು. ವೀಣೆ ಕಲಿಯುವ ನನಗೆ ಅವರ ಹಾರ್ಪ್ ಪ್ರಿಯ, ಆದರೆ ಆ ಕ್ಯಾಸೆಟ್‌ಗಳಲ್ಲಿನ ಗಟ್ಟಿ, ಆಳದ ದನಿ ಅದಕ್ಕಿಂತ ಪ್ರಿಯ. ಸಾಹಿತ್ಯ ಬೇಕು ಎಂದಿರಲ್ಲ, ಅಲ್ಲಿದೆ.

ಹಳೆಯ ತಟ್ಟೆ, ಜಯಲಕ್ಷ್ಮೀಪುರಂ, ಮೈಸೂರು:

ತಂಬೂರಿಯವರೇ, ನೀವು ಹೇಳಿದ್ದು ಸರಿಯಾದ ಮಾತು, ಸಕಾಲದಲ್ಲಿ ಹೇಳಿದಿರಿ. ಇದಕ್ಕೆ ಒಂದೇ ಸೇರ್ಪಡೆ. ಸಂಗೀತಗಾರರು ತಾವೇ ಒತ್ತಿಸಿದ ತಟ್ಟೆಗಳು ಕೆಲವೇ ಪ್ರತಿಗಳಲ್ಲಿ ಚದುರಿಹೋಗಿದ್ದವು. ಅಂಥವನ್ನು ಹುಡುಕಿ ಮತ್ತೆ ಕೇಳುವಂತೆ ಮಾಡುವುದರಲ್ಲಿ ಲಂಡನ್ನಿನವರ ಶ್ರಮ ದೊಡ್ಡದು. ಸೋಲ್ ಜಾಜ್ ಸಂಸ್ಥೆ ತೊಂಬತ್ತರ ದಶಕದಲ್ಲಿ ಟ್ರೈಬ್ ಬಳಗದವರ ಸಂಕಲನ ತಂದಿತು. ಜಾಜ್‌ಮನ್ ಸಂಸ್ಥೆ 2008ರಲ್ಲಿ ‘ಸ್ಪಿರಿಚುವಲ್ ಜಾಜ್’ ಎಂಬ ಸರಣಿಯನ್ನೇ ಆರಂಭಿಸಿತು. ಅದರ ಎರಡನೆಯ ಸಂಪುಟ ಪೂರ್ತಿ ಯುರೋಪಿನ ವಾದಕರದು. ಅದೇ 2008ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ತುತ್ತೂರಿ ವಾದಕ ಮ್ಯಾಥ್ಯೂ ಹಾಲ್ಸಲ್ ‘ಗೊಂಡ್ವಾನಾ’ ಎಂಬ ಸಂಸ್ಥೆ ತೆರೆದರು. ಹಾರ್ಪನ್ನು ಮತ್ತೆ ನಡುಮನೆಗೆ ತಂದು ಕೂರಿಸಿದ ಅವರನ್ನು ನೀವು ಈಗಾಗಲೇ ಕೇಳಿರುತ್ತೀರಿ.

ಗಟ್ಟಿಮೇಳ, ಮಂಡ್ಯ:

ಸರ್, ಮೇಡಂ, ಇಬ್ಬರಿಗೂ ನಮಸ್ಕಾರ. ಪದ್ಯವನ್ನು ಮಗಳು ಮೊಬೈಲ್‌ನಲ್ಲಿ ತೆಗೆದುಕೊಟ್ಟಳು, ಸಾಲುಸಾಲಾಗಿ ಅರ್ಥ ಹೇಳುತ್ತ ಬಂದಳು. ನಾನು ಕಣ್ಣು ಅದರ ಮೇಲಿಟ್ಟು ಕೇಳಿದೆ. ಸರ್ ಹೇಳಿದ್ದು ಅಕ್ಷರಶಃ ನಿಜ. ಸಾಲು ಮುಗಿದಾಗ ಅವರು ಸ್ವರವನ್ನು ಕೆಳಗಿಳಿಸಿ ನಿಲ್ಲಿಸುತ್ತಾರೆ, ಉಸಿರು ತೆಗೆದುಕೊಳ್ಳುವುದು ಅರ್ಥ ಮುಗಿದಲ್ಲಿಯೇ. ನಮ್ಮ ಗುರುಗಳು ದೇವರನಾಮ ಹೇಳಿಕೊಡುವಾಗ, ಉಸಿರಿಗಾಗಿ ಪದ ಒಡೆಯಬಾರದು ಎಂದು ಗದರುತ್ತಿದ್ದರು. ಇಷ್ಟು ದೊಡ್ಡ ವಾದಕರು ಅದೇ ಶಿಸ್ತಿನಲ್ಲಿ ಊದಿದ್ದನ್ನು ಕೇಳಿ ಕಣ್ಣು ತುಂಬಿತು. ತುಂಡು ಸ್ವರಗಳ ವೇಗವೇ ದೊಡ್ಡದು ಎಂದುಕೊಂಡಿರುವ ನನ್ನ ಶಿಷ್ಯರಿಗೆ ಇದನ್ನು ಕೇಳಿಸುತ್ತಿದ್ದೇನೆ.

‘ಜ್ಯೋತಿ’ ಕೂಡ ಮೊಬೈಲ್‌ನಲ್ಲಿ ಸಿಕ್ಕಿತು. ಮರಿಯಾನೊ ಗಮಕಗಳನ್ನು ನಮ್ಮಂತೆ ಪೂರ್ತಿ ಎಳೆಯುವುದಿಲ್ಲ, ಸ್ವರದ ಅಂಚಿನಲ್ಲಿ ಸ್ವಲ್ಪ ಬಾಗಿಸಿ ಬಿಡುತ್ತಾರೆ. ರಮಾಮಣಿಯವರ ದನಿಗೆ ಜಾಗ ಕೊಡಬೇಕೆಂದೇ ಹಾಗೆ ಮಾಡಿದಂತಿದೆ. ಎರಡು ದನಿಗಳು ಒಂದೇ ಸಾಲನ್ನು ಕೂಡಿ ಹೇಳುವಾಗ ಯಾವುದು ಗಂಟಲು, ಯಾವುದು ರೀಡ್ ಎಂದು ಕ್ಷಣಕಾಲ ತಿಳಿಯುವುದಿಲ್ಲ. ಹಣ ಕೂಡಿದ ಕೂಡಲೇ ಕೊಳ್ಳುವುದು ಇದನ್ನೇ. ಡೋಲಿನವರು ಒಂದು ಮಾಹಿತಿ ಕೇಳುತ್ತಿದ್ದಾರೆ: ಅದರಲ್ಲಿ ಖಂಜಿರ ಯಾರದು, ನಡುವೆ ಕೊನ್ನಕ್ಕೋಲ್, ಅಂದರೆ ಬಾಯಿಯಲ್ಲಿ ಜತಿ ಹೇಳುವವರು ಯಾರು?

ಹಳೆಯ ತಟ್ಟೆ, ಜಯಲಕ್ಷ್ಮೀಪುರಂ, ಮೈಸೂರು:

ಖಂಜಿರ ಟಿ.ಎನ್. ಶಶಿಕುಮಾರ್. ಘಟ ಮತ್ತು ಮೋರ್ಸಿಂಗ್ ಆರ್.ಎ. ರಾಜಗೋಪಾಲ್. ಕೊನ್ನಕ್ಕೋಲ್ ಇವರಿಬ್ಬರದೂ ಇದೆ. ಕೊಳ್ಳುವ ಮೊದಲು ತಟ್ಟೆಯಲ್ಲೇ ಕೇಳಬೇಕೆಂದರೆ ಮುಹೂರ್ತಗಳಿಲ್ಲದ ಆಷಾಢದಲ್ಲಿ ಡೋಲಿನವರನ್ನೂ ಕರೆದುಕೊಂಡು ಮೈಸೂರಿಗೆ ಬನ್ನಿ. ವಾದ್ಯ ಜೊತೆಯಲ್ಲಿರಲಿ.