ಮಾಂಸವನ್ನೇ ಮುಟ್ಟದ ತಮ್ಮನ ಮೆದುಳಲ್ಲಿ ಲಾಡಿಹುಳದ ಚೀಲ, ಹೇಗೆ ಬಂತು?

ತೋಟದಮನೆ, ತೀರ್ಥಹಳ್ಳಿ
ನಮಸ್ಕಾರ. ತಮ್ಮನಿಗೆ 19 ವರ್ಷ. ಹೋದ ವಾರ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾಗ ಬಲಗೈ ಅದುರಲು ಶುರುವಾಯಿತು, ನೋಡನೋಡುತ್ತಿದ್ದಂತೆ ಮೈಯೆಲ್ಲ ಸೆಟೆದು ಬಿದ್ದುಬಿಟ್ಟ. ಮೊದಲು ಯಾವತ್ತೂ ಫಿಟ್ಸ್ ಬಂದಿರಲಿಲ್ಲ. ಶಿವಮೊಗ್ಗದಲ್ಲಿ ಎಂಆರ್‌ಐ ಮಾಡಿಸಿದೆವು. ಮೆದುಳಲ್ಲಿ ಲಾಡಿಹುಳದ ಮರಿಯ ಚೀಲ ಒಂದಿದೆ, ನ್ಯೂರೋಸಿಸ್ಟಿಸರ್ಕೋಸಿಸ್ ಅಂದರು. ಹಂದಿಯಿಂದ ಬರುವುದಂತೆ. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಇವನು ಹೊರಗೆಲ್ಲೋ ತಿಂದಿದ್ದಾನೆ ಅಂತ ಅಮ್ಮ ಅವನ ಜೊತೆ ಮಾತು ಬಿಟ್ಟಿದ್ದಾರೆ. ನಮಗೂ ಅಂಟುತ್ತದಾ?

ಸಾಗರದ ನರ್ಸ್
ಮೊದಲು ಅಮ್ಮನಿಗೆ ಇದನ್ನು ಓದಿ ಹೇಳಿ. ಸರಿಯಾಗಿ ಬೇಯದ ಹಂದಿಮಾಂಸದಲ್ಲಿ ಚೀಲ ಇದ್ದರೆ ತಿಂದವರ ಕರುಳಲ್ಲಿ ಲಾಡಿಹುಳ ಬೆಳೆಯುತ್ತದೆ, ಮೀಟರ್‌ಗಟ್ಟಲೆ ಉದ್ದ. ಅವರ ಮಲದಲ್ಲಿ ಹುಳದ ಮೊಟ್ಟೆಗಳು ಹೊರಬರುತ್ತವೆ. ಆ ಮೊಟ್ಟೆ ತೊಳೆಯದ ಕೈಯಿಂದಲೋ ನೀರಿನಿಂದಲೋ ಹಸಿ ಸೊಪ್ಪಿನಿಂದಲೋ ಯಾರ ಹೊಟ್ಟೆಗೆ ಹೋದರೂ ಮರಿ ಹೊರಬಂದು, ಕರುಳಿನ ಗೋಡೆ ದಾಟಿ, ರಕ್ತದ ಜೊತೆ ಸಾಗಿ ಮಾಂಸಖಂಡದಲ್ಲೋ ಕಣ್ಣಲ್ಲೋ ಮೆದುಳಲ್ಲೋ ಚೀಲ ಕಟ್ಟುತ್ತದೆ. ಮಾಂಸ ಮುಟ್ಟದವರಿಗೂ ಬರುವುದು ಹೀಗೆ. ನಿಮ್ಮ ತಮ್ಮ ಏನೂ ತಪ್ಪು ಮಾಡಿಲ್ಲ.

ಚೀಲದಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಆದರೆ ಮನೆಯಲ್ಲಿ ಯಾರ ಕರುಳಲ್ಲಾದರೂ ಹುಳ ಇರಬಹುದು, ಅವನನ್ನೂ ಸೇರಿಸಿ ಎಲ್ಲರೂ ಮಲ ಪರೀಕ್ಷೆ ಮಾಡಿಸಿ. ಯಾರ ಮೇಲೂ ಬೆರಳು ತೋರಿಸಬೇಡಿ.

ಹೊಸನಗರದವಳು
ನನಗೂ ಆಗಿತ್ತು. ವರ್ಷಗಟ್ಟಲೆ ತಲೆನೋವು, ಪಿತ್ತ ಅಂತ ಸುಮ್ನೆ ಕಷಾಯ ಕುಡಿದೆ. ಆಮೇಲೆ ಫಿಟ್ಸ್. ಬಿದ್ದಾಗ ಕೈಗೆ ಕಬ್ಬಿಣ ಕೊಟ್ಟರು, ಅದರಿಂದ ಏನೂ ಉಪಯೋಗವಿಲ್ಲ, ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ಡಾಕ್ಟರ್ ಹೇಳಿದ್ದು ಏನೆಂದರೆ, ಜೀವಂತ ಚೀಲ ಎಷ್ಟೋ ವರ್ಷ ತೆಪ್ಪಗೆ ಇರಬಹುದು, ಅದು ಸಾಯುವಾಗ ಸುತ್ತಲೂ ಊತ ಬರುತ್ತದೆ, ಫಿಟ್ಸ್ ಜಾಸ್ತಿ ಕಾಣಿಸುವುದು ಆಗಲೇ. ತಲೆನೋವಿನ ಜೊತೆ ವಾಂತಿ, ಕಣ್ಣು ಮಂಜಾಗುವುದು ಶುರುವಾದರೆ ಕಾಯಬೇಡಿ, ಮೆದುಳಿನ ನೀರು ಕಟ್ಟಿಕೊಂಡಿರಬಹುದು, ತಕ್ಷಣ ಹೋಗಿ.

ಒಂದು ಮಾತು. ಬಚ್ಚಲ ನೀರು ಹರಿಯುವಲ್ಲಿ ಬೆಳೆದ ಒಂದೆಲಗ ಕಿತ್ತು ಹಸಿಯಾಗಿ ತಂಬುಳಿ ಮಾಡುತ್ತೇವಲ್ಲ, ಅದನ್ನು ನಾನು ಈಗ ಬೇಯಿಸದೆ ಮಾಡುವುದಿಲ್ಲ. ಉಪ್ಪುನೀರಲ್ಲಿ ನೆನೆಸಿದರೆ ಮೊಟ್ಟೆ ಸಾಯುತ್ತದೆ ಅಂತ ನಂಬಬೇಡಿ.

ಅಡಿಕೆಸಿಪ್ಪೆ
ಎಲೆಕೋಸಿನ ಹುಳ ಮೆದುಳಿಗೆ ಹತ್ತುತ್ತದೆ ಅಂತಾರಲ್ಲ, ಅದು ಇದೇನಾ? ಹುಳ ಸಾಯಿಸುವ ಅಲ್ಬೆಂಡಜೋಲ್ ಮಾತ್ರೆ ಮೆಡಿಕಲ್‌ನಲ್ಲೇ ಸಿಗುತ್ತದೆ, ಕೊಟ್ಟರಾಯಿತು ಅಲ್ವಾ?

ಸಾಗರದ ನರ್ಸ್
ಕೋಸಿನ ಹಸಿರು ಹುಳಕ್ಕೂ ಇದಕ್ಕೂ ಸಂಬಂಧವಿಲ್ಲ. ಮಾತ್ರೆಯನ್ನು ನೀವೇ ಕೊಡಬೇಡಿ! ಚೀಲ ಸತ್ತಾಗ ಬರುವ ಊತ ತಡೆಯಲು ಸ್ಟೀರಾಯ್ಡ್ ಜೊತೆಗಿರಬೇಕು. ಅದಕ್ಕೂ ಮೊದಲು ಕಣ್ಣಿನ ಒಳಗೆ ಚೀಲ ಇದೆಯಾ ಅಂತ ಕಣ್ಣಿನ ಡಾಕ್ಟರ್ ನೋಡಬೇಕು. ಇದ್ದು ಮಾತ್ರೆ ಕೊಟ್ಟರೆ ದೃಷ್ಟಿಯೇ ಹೋಗಬಹುದು. ಫಿಟ್ಸ್ ಮಾತ್ರೆ ಒಂದು ದಿನವೂ ತಪ್ಪಿಸಬೇಡಿ.

ತೋಟದಮನೆ, ತೀರ್ಥಹಳ್ಳಿ
ಅಮ್ಮನಿಗೆ ಓದಿ ಹೇಳಿದೆ. ಮಾತಾಡಲಿಲ್ಲ, ಎದ್ದು ಹೋಗಿ ಅವನಿಗೆ ದೋಸೆ ಹುಯ್ದರು. ಕಣ್ಣು ಇನ್ನೂ ತೋರಿಸಿಲ್ಲ. ನಾಳೆ ಮೊದಲ ಬಸ್ಸಿಗೇ ಶಿವಮೊಗ್ಗಕ್ಕೆ ಹೊರಡುತ್ತೇವೆ.