ಸಹಾಯ ಬೇಕು: ಸ್ಪೀಡ್ ಬೋಟ್ ಔಟ್‌ಬೋರ್ಡ್‌ನಲ್ಲಿ ನೀರಿನ ಪ್ರೆಶರ್ ಬೀಳುತ್ತಿದೆ
ಎಲ್ಲರಿಗೂ ನಮಸ್ಕಾರ. ಮಲ್ಪೆಯಲ್ಲಿ ನಮ್ಮದೊಂದು ಸ್ಪೀಡ್ ಬೋಟ್ ಇದೆ. 150 ಎಚ್‌ಪಿ ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಹೊರಗಡೆ ಕೂರಿಸುವ ಎಂಜಿನ್), ಸಮುದ್ರದ ನೀರಿನಿಂದಲೇ ತಣ್ಣಗಾಗುವ ಎಂಜಿನ್.

ಐಡಲ್‌ನಲ್ಲಿ ಏನೂ ತೊಂದರೆ ಇಲ್ಲ. ಟೆಂಪರೇಚರ್ 60 ಡಿಗ್ರಿ ಹತ್ತಿರ ನಿಲ್ಲುತ್ತದೆ, ಹಿಂದಿನ ತೂತಿನಿಂದ ನೀರು ಜೋರಾಗಿಯೇ ಚಿಮ್ಮುತ್ತದೆ. 3000 ಆರ್‌ಪಿಎಂವರೆಗೂ ಸರಿ. 4500 ದಾಟಿದರೆ ಸಾಕು, ಏರಬೇಕಾದ ನೀರಿನ ಪ್ರೆಶರ್ 12 ಪಿಎಸ್‌ಐನಿಂದ (ಒತ್ತಡದ ಅಳತೆ) 6ಕ್ಕೆ ಇಳಿಯುತ್ತದೆ. ಗೇಜ್ ಮುಳ್ಳು ನಡುಗುತ್ತದೆ. ಸ್ವಲ್ಪ ಹೊತ್ತಿಗೆ ಟೆಂಪರೇಚರ್ 85 ಮುಟ್ಟಿ ಅಲಾರಂ ಕೂಗುತ್ತದೆ. ಟ್ರಿಮ್ (ಎಂಜಿನ್ ಬಾಗಿರುವ ಕೋನ) ಕೆಳಗಿಳಿಸಿದರೆ ಪ್ರೆಶರ್ ಅರ್ಧಂಬರ್ಧ ವಾಪಸ್ ಬರುತ್ತದೆ.

ಇಂಪೆಲ್ಲರ್ (ನೀರಿನ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರ) ಹೊಸದು. ಎಂಜಿನ್ ಬಿಸಿಯಾದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟನ್ನು ಬಿಸಿನೀರಿನಲ್ಲಿ ಹಾಕಿ ನೋಡಿದೆ, ತೆರೆದುಕೊಳ್ಳುತ್ತದೆ. ಆದರೆ ಪಂಪಿನ ಸ್ಟೀಲ್ ಪ್ಲೇಟ್ ಮೇಲೆ ಉಗುರಿಗೆ ಸಿಗುವಷ್ಟು ಗೀರುಗಳಿವೆ. ನಮ್ಮ ಅಳಿವೆಯ ಮರಳಿನ ಕೆಲಸ ಇರಬೇಕು, ಅಲ್ವಾ? ಮೆಕ್ಯಾನಿಕ್ "ಥರ್ಮೋಸ್ಟಾಟ್ ತೆಗೆದು ಓಡಿಸಿ" ಅಂದರು. ನನಗೆ ಒಪ್ಪಿಗೆಯಿಲ್ಲ. ಎಂಜಿನ್ ಜಾಸ್ತಿ ತಣ್ಣಗಾದರೂ ಪೆಟ್ರೋಲ್ ಸರಿಯಾಗಿ ಉರಿಯದೆ ಆಯಿಲ್‌ಗೆ ಸೇರುತ್ತದೆ.

ಟ್ರಿಮ್‌ಗೆ ಪ್ರೆಶರ್ ಬದಲಾಗುವುದು ನೋಡಿದರೆ ಪಂಪ್ ಗಾಳಿ ಎಳೆಯುತ್ತಿದೆ ಅನ್ನಿಸುತ್ತದೆ. ಎಂಜಿನ್ ಅನ್ನು ಬೋಟಿಗೆ ಬಿಗಿಯುವ ಬೋಲ್ಟಿನ ಒಂದು ತೂತಿನಷ್ಟು ಕೆಳಗೆ ಕೂರಿಸಿದರೆ ಸರಿಹೋದೀತಾ? ಅಥವಾ ಮೊದಲು ಪಂಪಿನ ಪ್ಲೇಟ್, ಹೌಸಿಂಗ್ ಎರಡನ್ನೂ ಬದಲಿಸಬೇಕಾ? ಪಾಪೆಟ್ ವಾಲ್ವ್ (ಪ್ರೆಶರ್ ಏರಿದಾಗ ತೆರೆದು ನೀರು ಬಿಡುವ ವಾಲ್ವ್) ಸ್ಪ್ರಿಂಗ್ ಸೋತರೂ ಹೀಗೆ ಪ್ರೆಶರ್ ಬೀಳುತ್ತದಾ? ಇಂಥದ್ದನ್ನು ಕೈಯಾರೆ ಬಿಚ್ಚಿ ನೋಡಿದವರು ದಯವಿಟ್ಟು ಹೇಳಿ. ನಿಮ್ಮ ಎಂಜಿನ್‌ನಲ್ಲಿ 5000 ಆರ್‌ಪಿಎಂಗೆ ಎಷ್ಟು ಪಿಎಸ್‌ಐ ಬರುತ್ತದೆ ಅಂತಲೂ ಬರೆಯಿರಿ. ಅಲ್ಲಿಯವರೆಗೆ ಬೋಟ್ ದಡದಲ್ಲೇ ಇರುತ್ತದೆ.