ನಾಲ್ಕು ಭಾನುವಾರ ನೋಡಿದ್ರೂ ಗುರುವಿನ ಕೆಂಪು ಚುಕ್ಕೆ ಕಾಣ್ತಿಲ್ಲ, ಸ್ಕೋಪ್ ಕೆಟ್ಟಿದ್ಯಾ?

ತಾರಸಿ_ಮೈಸೂರು:
ಎಲ್ರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್‌ನಲ್ಲಿ 8 ಇಂಚಿನ ಡಾಬ್ (ಡಾಬ್ಸೋನಿಯನ್, ಕನ್ನಡಿ ಇರೋ ಟೆಲಿಸ್ಕೋಪ್) ತಗೊಂಡಿದೀನಿ, 1200 ಎಂಎಂ ಫೋಕಲ್ ಲೆಂತ್. 2026ರ ಜನವರಿ 10ಕ್ಕೆ ಗುರು ಒಪೊಸಿಷನ್ (ಆಕಾಶದಲ್ಲಿ ಸೂರ್ಯನ ನೇರ ಎದುರಿಗೆ ಬರೋದು) ಅಂದಾಗ ಮೋಡ, ಸರಿ ಅಂತ ಈ ಫೆಬ್ರವರಿ 1, 8, 15, 22 ನಾಲ್ಕೂ ಭಾನುವಾರ ರಾತ್ರಿ 8ಕ್ಕೆ ಕರೆಕ್ಟಾಗಿ ಹತ್ತಿ ನೋಡಿದೆ, ಬೇರೆ ದಿನ ಆಫೀಸು ಬಿಡಲ್ಲ. 10 ಎಂಎಂ ಐಪೀಸಲ್ಲಿ (ಕಣ್ಣಿಡೋ ಲೆನ್ಸು) ಎರಡು ಪಟ್ಟೆ ಗೀಟು ಎಳೆದಂಗೆ ಕಾಣತ್ತೆ, ಕೆಂಪು ಚುಕ್ಕೆ (ಗುರು ಮೇಲಿನ ಆ ದೊಡ್ಡ ಬಿರುಗಾಳಿ) ಮಾತ್ರ ಒಂದ್ಸಲಾನೂ ಇಲ್ಲ. ಫೋನಲ್ಲಿ ಫೋಟೋ ತೆಗೆದ್ರೆ ಬಿಳೀ ಗೋಲಿ. 10 ನಿಮಿಷ ವಿಡಿಯೋ ತೆಗೆದು ಆಟೋಸ್ಟ್ಯಾಕರ್ಟ್‌ಗೆ (ವಿಡಿಯೋ ಫ್ರೇಮುಗಳನ್ನ ಪೇರಿಸಿ ಒಂದೇ ಫೋಟೋ ಮಾಡೋ ಸಾಫ್ಟ್‌ವೇರ್) ಹಾಕಿದೆ, ಎಲ್ಲಾ ಕಲಸು ಮೇಲೋಗರ. ಕನ್ನಡೀನೇ ಹೋಗಿದ್ಯಾ?

ಬಾರ್ಲೋ_ಭಟ್ರು:
ಪಟ್ಟೆ ಗೀಟು ಎಳೆದಂಗೆ ಕಾಣ್ತಿದ್ರೆ ಕನ್ನಡಿ ಚೆನ್ನಾಗೇ ಇದೆ ಮಾರಾಯ್ರೆ, ತಪ್ಪು ಭಾನುವಾರದ್ದು 😀

ಗುರು ಒಂದು ಸುತ್ತು ತಿರುಗೋಕೆ 9 ಗಂಟೆ 55 ನಿಮಿಷ 30 ಸೆಕೆಂಡ್, ಹಂಗೆ 17 ಸುತ್ತು ಅಂದ್ರೆ 7 ದಿನ ಮತ್ತು ಸುಮಾರು 44 ನಿಮಿಷ. ಅಂದ್ರೆ ವಾರ ಬಿಟ್ಟು ಅದೇ ಟೈಮಿಗೆ ನೋಡಿದ್ರೆ ಹೆಚ್ಚುಕಮ್ಮಿ ಅದೇ ಮುಖ ಎದುರಿಗೆ ಬರತ್ತೆ, ಮೊದಲ ವಾರ ಚುಕ್ಕೆ ಹಿಂದುಗಡೆ ಇದ್ರೆ ನಾಲ್ಕನೇ ವಾರಾನೂ ಹಿಂದುಗಡೆನೇ ಇರೋ ಚಾನ್ಸ್ ಜಾಸ್ತಿ. ಸೋಮವಾರ ನೋಡಿ. ಒಂದೇ ದಿನಕ್ಕೆ 150 ಡಿಗ್ರಿ ಬದಲಾಗಿರತ್ತೆ. ಚುಕ್ಕೆ ನಡುಮಧ್ಯಕ್ಕೆ ಬರೋ ಟೈಮ್ ವಿನ್‌ಜೂಪೋಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಸಿಗತ್ತೆ, ಅದರ ಹಿಂದೆ ಮುಂದೆ ಮುಕ್ಕಾಲು ಗಂಟೆ ಒಳ್ಳೆ ಸಮಯ. ಮತ್ತೆ ಫೋಟೋದಲ್ಲಿರೋ ಕುಂಕುಮದ ಬಣ್ಣ ಕಾಯ್ತಾ ಕೂರಬೇಡಿ.

ಕತ್ತಲೆ_ಪ್ರಿಯ:
ವಿಡಿಯೋ ವಿಷಯ. 10 ನಿಮಿಷಕ್ಕೆ ಗುರು 6 ಡಿಗ್ರಿ ತಿರುಗಿರತ್ತೆ, ನಡುಭಾಗದಲ್ಲಿ 7,500 ಕಿಮೀ, ಚುಕ್ಕೆಯ ಅಗಲದಲ್ಲಿ ಅರ್ಧದ ಹತ್ತಿರ! ಪಟ್ಟೆ ಉಳಿಯತ್ತೆ, ಒಳಗಿನ ವಿವರ ಅಳಿಸಿ ಹೋಗತ್ತೆ. ಎರಡು ನಿಮಿಷಕ್ಕೆ ನಿಲ್ಲಿಸಿ. ಫೋನಲ್ಲಿ ಗುರು ಮೇಲೆ ಒತ್ತಿ ಹಿಡಿದು ಎಕ್ಸ್‌ಪೋಶರ್ ಲಾಕ್ ಮಾಡಿ ಕೆಳಗೆ ಎಳೀರಿ, ಸ್ಕ್ರೀನಲ್ಲಿ ಮಂಕು ಅನ್ಸೋ ತನಕ.

ಇನ್ನೊಂದು, ಸ್ಕೋಪ್ ಹೊರಗಿಟ್ಟು ಒಂದು ಗಂಟೆಯಾದ್ರೂ ಬಿಡಿ. ಹಗಲೆಲ್ಲಾ ಕಾದ ಆರ್‌ಸಿಸಿ ರಾತ್ರಿ 8ಕ್ಕೆ ಇನ್ನೂ ಬಿಸಿ ಬಿಡ್ತಾ ಇರತ್ತೆ, ಐಪೀಸಲ್ಲಿ ಗುರು ಬಾವಿ ನೀರಲ್ಲಿ ಬಿದ್ದ ಕಾಸಿನ ಹಾಗೆ ಅಲ್ಲಾಡ್ತಾ ಇದ್ರೆ ಅದೇ ಕಾರಣ. ನಾನು ತಾರಸಿ ಬಿಟ್ಟು ಹಿತ್ತಲ ಮಣ್ಣಿಗೆ ಇಳಿದ ಮೇಲೆ ಅರ್ಧ ಸಮಸ್ಯೆ ಹೋಯ್ತು. ಈ ಸಲ ಗುರು ಮಿಥುನದಲ್ಲಿರೋದು ನಮ್ಮ ಪುಣ್ಯ, ಹತ್ತು ಗಂಟೆ ಹೊತ್ತಿಗೆ ನೆತ್ತಿಯಿಂದ ಬರೀ ಹತ್ತು ಡಿಗ್ರಿ ಉತ್ತರಕ್ಕೆ. ಆದ್ರೆ ಅಷ್ಟು ಮೇಲಿದ್ದಾಗ ಡಾಬ್ ತಳ್ಳೋದು ದೊಡ್ಡ ಗೋಳು, ಕತ್ತು ನೋವಿಗೆ ನಾನು ಜವಾಬ್ದಾರ ಅಲ್ಲ.

ಬಾರ್ಲೋ_ಭಟ್ರು:
+1 ಮಣ್ಣು. ಹುಲ್ಲಿದ್ರೆ ಇನ್ನೂ ಚೆಂದ. ಫೋಟೋ ಚಟ ಹತ್ತಿದ್ರೆ ಬಿಡಬೇಡಿ, 2009ರ ಜುಲೈ 19ಕ್ಕೆ ಗುರುವಿಗೆ ಏನೋ ಬಡಿದು ಆದ ಕಪ್ಪು ಕಲೆಯನ್ನ ಮೊದಲು ಕಂಡಿದ್ದು ಆಸ್ಟ್ರೇಲಿಯಾದ ಹವ್ಯಾಸಿ ಆಂಥನಿ ವೆಸ್ಲಿ, ಮನೆಯ 14.5 ಇಂಚಿನ ಸ್ಕೋಪಲ್ಲಿ.

ತಾರಸಿ_ಮೈಸೂರು:
ಕಂಡ್ತು!!! ಸೋಮವಾರ 9:05ಕ್ಕೆ ಮಧ್ಯ ಅಂತ ಬಂತು, ಎಂಟೂವರೆಗೇ ಹಿತ್ತಲಲ್ಲಿ ಕೂತೆ. ಮೊದಲು ಚುಕ್ಕೆ ಅಲ್ಲ, ದಕ್ಷಿಣದ ಪಟ್ಟೆ ಅಂಚಲ್ಲಿ ಇಲಿ ಕಚ್ಚಿದ ಹಾಗೆ ಒಂದು ಗುಳಿ ಕಂಡ್ತು, ಐದು ನಿಮಿಷ ಕಣ್ಣು ತೆಗೀದೆ ನೋಡಿದ ಮೇಲೆ ಆ ಗುಳಿಯೊಳಗೆ ಹಣ್ಣಾದ ಸೀಬೆಕಾಯಿ ತಿರುಳಿನ ಥರ ತೆಳು ಬಣ್ಣ. ಅಮ್ಮನ್ನೂ ಕರೆದೆ, ಚುಕ್ಕೆ ಕಾಣಲಿಲ್ವಂತೆ, ಗುರೂನ ಗುರುವಾರ ನೋಡ್ಬೇಕು ಕಣೋ ಅಂದ್ರು. ಭಟ್ರೇ, ಗುರುವಾರಕ್ಕೂ ಒಂದು ಲೆಕ್ಕ ಹಾಕಿ ಕೊಡಿ.